ನರದ ಮಿಡಿತ ಸಮೀಕರಣಕ್ಕೆ ಸಿಕ್ಕ ಬಗೆ

ನರ ಸುಮ್ಮನಿದ್ದಾಗ ಅದರ ಪೊರೆ ಪೊಟ್ಯಾಸಿಯಂಗೆ ಮಾತ್ರ ದಾರಿ ಬಿಡುತ್ತದೆ, ಕೆರಳಿದಾಗ ಎಲ್ಲ ಅಯಾನುಗಳಿಗೂ (ವಿದ್ಯುದಾವೇಶವಿರುವ ಕಣಗಳಿಗೂ) ಬಿಡುತ್ತದೆ ಎಂದು 1902ರಲ್ಲಿ ಜರ್ಮನ್ ಶರೀರವಿಜ್ಞಾನಿ ಜೂಲಿಯಸ್ ಬರ್ನ್‌ಸ್ಟೈನ್ ಊಹಿಸಿದ್ದರು. ಇದು ನಿಜವಾದರೆ, ಸುಮ್ಮನಿದ್ದಾಗ ಋಣವಾಗಿರುವ ಒಳಗಿನ ವೋಲ್ಟೇಜ್ ಸೊನ್ನೆಗೆ ಏರಿ ನಿಲ್ಲಬೇಕು. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಕಡಲತೀರದ ಪ್ರಯೋಗಾಲಯದಲ್ಲಿ ಅಲನ್ ಹಾಡ್ಜ್‌ಕಿನ್, ಆಂಡ್ರ್ಯೂ ಹಕ್ಸ್‌ಲಿ ಸ್ಕ್ವಿಡ್‌ನ, ಅಂದರೆ ನಮ್ಮ ಕರಾವಳಿಯವರ ಬೊಂಡಾಸಿನ, ದೈತ್ಯ ನರತಂತುವಿನೊಳಗೆ ಸಪೂರ ಗಾಜಿನ ನಳಿಕೆ ಇಳಿಸಿದರು. ತಂತು ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದದ್ದರಿಂದಲೇ ಇದು ಸಾಧ್ಯವಾಯಿತು. ವೋಲ್ಟೇಜ್ ಸೊನ್ನೆಯಲ್ಲಿ ನಿಲ್ಲದೆ +40 ಮಿಲಿವೋಲ್ಟ್‌ನ ಆಸುಪಾಸಿಗೆ ಜಿಗಿಯಿತು. ನರದ ಮಿಡಿತವೆಂದರೆ ಈ ಜಿಗಿತವೇ. ಅಷ್ಟರಲ್ಲಿ ಯುದ್ಧ ಬಂತು. ಹೊರಗಿನ ದ್ರವದಲ್ಲಿ ಸೋಡಿಯಂ ಕಡಿಮೆಯಾದರೆ ಈ ಜಿಗಿತವೂ ತಗ್ಗುತ್ತದೆಂದು ಹಾಡ್ಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಜ್ ಬರೆದದ್ದು 1949ರಲ್ಲಿ.

ಲೆಕ್ಕಕ್ಕೆ ಅಡ್ಡಿಯಾಗಿದ್ದು ಒಂದು ಸುಳಿ: ವೋಲ್ಟೇಜ್ ಬದಲಾದರೆ ಪೊರೆಯ ವಾಹಕತೆ (ಅಯಾನುಗಳಿಗೆ ಅದು ಎಷ್ಟು ದಾರಿ ಬಿಡುತ್ತದೆಂಬುದು) ಬದಲಾಗುತ್ತದೆ, ವಾಹಕತೆ ಬದಲಾದರೆ ವೋಲ್ಟೇಜ್. ಕೆನೆತ್ ಕೋಲ್ ರೂಪಿಸಿದ್ದ ವೋಲ್ಟೇಜ್ ಕ್ಲ್ಯಾಂಪ್ ಈ ಸುಳಿಯನ್ನು ಕತ್ತರಿಸಿತು. ವೋಲ್ಟೇಜನ್ನು ಬೇಕಾದಲ್ಲಿ ಹಿಡಿದಿಟ್ಟು, ಹಾಗೆ ಹಿಡಿಯಲು ಎಷ್ಟು ಕರೆಂಟ್ ಬೇಕೋ ಅದನ್ನು ಅಳೆಯುವುದು. ಹಾಡ್ಜ್‌ಕಿನ್, ಹಕ್ಸ್‌ಲಿ ಹೊರಗಿನ ಸೋಡಿಯಂ ಬದಲು, ಅದರ ದಾರಿಯಲ್ಲಿ ಹಾಯಲಾರದ ಕೋಲಿನ್ ಹಾಕಿ ಮತ್ತೆ ಅಳೆದು, ಎರಡರ ವ್ಯತ್ಯಾಸದಿಂದ ಸೋಡಿಯಂ ಮತ್ತು ಪೊಟ್ಯಾಸಿಯಂ ಕರೆಂಟುಗಳನ್ನು ಬೇರ್ಪಡಿಸಿದರು.

ಇವರಿಬ್ಬರ 1952ರ ಮಾದರಿಯಲ್ಲಿ ಸಮೀಕರಣ ನಾಲ್ಕೇ: ಒಂದು ವೋಲ್ಟೇಜಿಗೆ, ಮೂರು 0ಯಿಂದ 1ರೊಳಗಿನ ಚಲಕಗಳಿಗೆ. ‘ಎನ್’, ‘ಎಂ’ ದಾರಿ ಎಷ್ಟು ತೆರೆದಿದೆ ಎಂಬುದರ ಅಳತೆ; ‘ಹೆಚ್’ ಕಡಿಮೆಯಾದಂತೆ ಸೋಡಿಯಂ ದಾರಿ ಮುಚ್ಚುತ್ತದೆ. ಪೊಟ್ಯಾಸಿಯಂ ವಾಹಕತೆ ‘ಎನ್’ನ ನಾಲ್ಕನೇ ಘಾತಕ್ಕೆ ತಕ್ಕಂತೆ; ಸೋಡಿಯಂನದು ‘ಎಂ’ನ ಮೂರನೇ ಘಾತ ಗುಣಿಸು ‘ಹೆಚ್’ಗೆ ತಕ್ಕಂತೆ. ಘಾತ ಯಾಕೆ? ಪೊಟ್ಯಾಸಿಯಂ ವಾಹಕತೆ ತಡವರಿಸಿ ಏರುತ್ತದೆ, ಇಳಿಯುವಾಗ ತಡವಿಲ್ಲ. ಘಾತವಿಟ್ಟರೆ ಎರಡೂ ಕೂಡಿಬರುತ್ತವೆ. ಐದನೇ ಅಥವಾ ಆರನೇ ಘಾತ ಇನ್ನೂ ಚೆನ್ನಾಗಿ ಹೊಂದಬಹುದಿತ್ತು, ಆದರೆ ಅಷ್ಟು ತೊಡಕಿಗೆ ತಕ್ಕ ಲಾಭವಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ.

ನಿಜವಾದ ಪರೀಕ್ಷೆ ಇದ್ದದ್ದು ಮುಂದೆ. ಹಿಡಿದಿಟ್ಟ ವೋಲ್ಟೇಜಿನಲ್ಲಿ ಸಿಕ್ಕ ಅಂಕಿಗಳಿಂದ, ಹಿಡಿಯದೇ ಬಿಟ್ಟ ನರದ ಮಿಡಿತ ಮೂಡಬೇಕು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಆರು ತಿಂಗಳು ಕೆಲಸಕ್ಕಿರಲಿಲ್ಲ. ಹಕ್ಸ್‌ಲಿ ಕೈಯಿಂದ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರ ಹಿಡಿದು ಕೂತರು. ಮಿಡಿತದ ವೇಗವನ್ನು ಊಹಿಸಿ ಲೆಕ್ಕ ಶುರುಮಾಡಬೇಕು. ಊಹೆ ತಪ್ಪಿದರೆ ವೋಲ್ಟೇಜ್ ಮೇಲಕ್ಕೋ ಕೆಳಕ್ಕೋ ಅನಂತಕ್ಕೆ ಓಡುತ್ತದೆ, ಮತ್ತೆ ಮೊದಲಿನಿಂದ. ಸುಮಾರು ಮೂರು ವಾರದ ದುಡಿಮೆ. ಬಂದ ಉತ್ತರ ಸೆಕೆಂಡಿಗೆ 18.8 ಮೀಟರ್, ಅಳೆದದ್ದು 21.2.

ಈಗ ಇದನ್ನು ಲ್ಯಾಪ್‌ಟಾಪಿನಲ್ಲಿ ಕ್ಷಣಮಾತ್ರದಲ್ಲಿ ಓಡಿಸಬಹುದು, 0.01 ಮಿಲಿಸೆಕೆಂಡಿನ ಹೆಜ್ಜೆ ಸಾಕು. ಎಡವುವ ಜಾಗಗಳು ಬೇರೆ. ಮೂಲ ಲೇಖನದಲ್ಲಿ ವೋಲ್ಟೇಜಿನ ಚಿಹ್ನೆ ಇಂದಿನದಕ್ಕೆ ತಿರುವುಮುರುವು, ವಿಶ್ರಾಂತಿಯ ಮಟ್ಟವೇ ಸೊನ್ನೆ. ಚಲಕಗಳು ಬದಲಾಗುವ ದರದ ಸೂತ್ರಗಳಲ್ಲಿ ಎರಡಕ್ಕೆ ಒಂದೊಂದು ವೋಲ್ಟೇಜಿನಲ್ಲಿ ಛೇದ ಸೊನ್ನೆಯಾಗುತ್ತದೆ. ಅಲ್ಲಿ ಮಿತಿಯ ಬೆಲೆ, ಅಂದರೆ ಆ ವೋಲ್ಟೇಜಿಗೆ ಹತ್ತಿರವಾದಂತೆ ಸೂತ್ರ ಸಮೀಪಿಸುವ ಬೆಲೆ, ಕೊಡದಿದ್ದರೆ ಪ್ರೋಗ್ರಾಂ ಕೆಡುತ್ತದೆ. ದರದ ಸೂತ್ರಗಳ ಅಂಕಿಗಳೆಲ್ಲ 6.3 ಡಿಗ್ರಿ ಸೆಲ್ಸಿಯಸ್‌ನವು. ಪ್ರತಿ 10 ಡಿಗ್ರಿ ಏರಿಕೆಗೆ ದರ ಮೂರು ಪಟ್ಟು ಎಂಬ ಅವರದೇ ನಿಯಮದಂತೆ 37 ಡಿಗ್ರಿಗೆ ಒಯ್ದರೆ ದರಗಳು ಸುಮಾರು 29 ಪಟ್ಟಾಗಿ, ಮಿಡಿತವೇ ಕುಗ್ಗಿಹೋಗುತ್ತದೆ. ಸ್ಕ್ವಿಡ್‌ನ ಅಂಕಿಗಳಿಂದ ಮನುಷ್ಯನ ನರಕೋಶ ಆಗುವುದಿಲ್ಲ.

1998ರಲ್ಲಿ ರೊಡೆರಿಕ್ ಮ್ಯಾಕಿನನ್ ತಂಡ ಪೊಟ್ಯಾಸಿಯಂ ಚಾನೆಲ್ಲಿನ (ಪೊರೆಯಲ್ಲಿ ಅಯಾನು ಹಾಯುವ ಪ್ರೋಟೀನಿನ ದಾರಿಯ) ರಚನೆ ತೋರಿಸಿದಾಗ ಅದರಲ್ಲಿ ಒಂದೇ ಬಗೆಯ ನಾಲ್ಕು ತುಂಡುಗಳಿದ್ದವು. ನಾಲ್ಕನೇ ಘಾತ ಇದನ್ನು ಮೊದಲೇ ಕಂಡಿತ್ತು ಎನ್ನುವವರಿದ್ದಾರೆ. ಲೆಕ್ಕದ ಶ್ರಮ ಉಳಿಸಲು ಆರಿಸಿದ ಅಂಕಿಗೆ ಅಷ್ಟು ದೊಡ್ಡ ಗೌರವ ಬೇಡ. ಅದೇ ಮಾದರಿ ಸೋಡಿಯಂ ವಿಷಯದಲ್ಲಿ ತಪ್ಪಿದೆ: ‘ಎಂ’ ಮತ್ತು ‘ಹೆಚ್’ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎಂದಿತ್ತು, ಆದರೆ ಚಾನೆಲ್ ಮುಚ್ಚಿಕೊಳ್ಳುವುದು ಅದು ತೆರೆಯುವುದಕ್ಕೆ ತಳುಕು ಹಾಕಿಕೊಂಡಿದೆಯೆಂದು 1970ರ ದಶಕದ ಪ್ರಯೋಗಗಳು ತೋರಿಸಿದವು.