ಸಹಿಯಾಗದೆ ಉಳಿದ ಒಪ್ಪಂದ: ಮೆಸ್ಸಿ ಬಾರ್ಸಿಲೋನಾ ತೊರೆದ ಹಿನ್ನೆಲೆ

2021ರ ಆಗಸ್ಟ್ 5ರಂದು ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ ಹೊರಡಿಸಿದ ಪ್ರಕಟಣೆ ಕೆಲವೇ ಸಾಲುಗಳದ್ದಾಗಿತ್ತು. ಕ್ಲಬ್ಬಿಗೂ ಲಯೊನೆಲ್ ಮೆಸ್ಸಿ ಅವರಿಗೂ ಒಮ್ಮತ ಮೂಡಿದೆ, ಇಂದೇ ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕೆಂಬುದು ಇಬ್ಬರ ಇಚ್ಛೆಯೂ ಆಗಿತ್ತು, ಆದರೆ ಸ್ಪೇನ್ ಲೀಗಿನ ನಿಯಮಗಳಿಂದಾಗಿ ಎದುರಾದ ಆರ್ಥಿಕ ಅಡೆತಡೆಗಳ ಕಾರಣ ಅದು ಸಾಧ್ಯವಾಗುತ್ತಿಲ್ಲ ಎಂಬುದು ಅದರ ಸಾರಾಂಶ. ಆಟಗಾರರ ಒಪ್ಪಂದದ ಮಾತುಕತೆಗಳು ಸಾಮಾನ್ಯವಾಗಿ ಮುರಿದು ಬೀಳುವುದು ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೊಡಲು ಒಪ್ಪದಿದ್ದಾಗ. ಇಲ್ಲಿ ಆಟಗಾರನಿಗೆ ಉಳಿಯುವ ಮನಸ್ಸಿತ್ತು, ಕ್ಲಬ್ಬಿಗೆ ಉಳಿಸಿಕೊಳ್ಳುವ ಮನಸ್ಸಿತ್ತು, ಸಂಬಳ ಅರ್ಧಕ್ಕೆ ಇಳಿಯುವುದಕ್ಕೂ ಒಪ್ಪಿಗೆ ಸಿಕ್ಕಿತ್ತು. ಆದರೂ ಇಪ್ಪತ್ತು ವರ್ಷಗಳ ನಂಟು ಒಂದೇ ಸಂಜೆಯಲ್ಲಿ ಕಡಿದುಹೋಯಿತು. ಅದು ಏಕೆ ಹಾಗಾಯಿತು ಎಂಬುದನ್ನು ಅರಿಯಲು ಆ ಸಂಜೆಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಅರ್ಜೆಂಟೀನಾದ ರೊಸಾರಿಯೊ ನಗರದ ಮೆಸ್ಸಿ 2000ನೇ ಇಸವಿಯಲ್ಲಿ ಪರೀಕ್ಷಾರ್ಥಿಯಾಗಿ ಬಾರ್ಸಿಲೋನಾಕ್ಕೆ ಬಂದಾಗ ಅವರಿಗೆ 13 ವರ್ಷ. ಬೆಳವಣಿಗೆಯ ಹಾರ್ಮೋನಿನ ಕೊರತೆ ಇದ್ದ, ವಯಸ್ಸಿಗಿಂತ ಬಹಳ ಚಿಕ್ಕವನಾಗಿ ಕಾಣುತ್ತಿದ್ದ ವಿದೇಶಿ ಹುಡುಗನ ಚಿಕಿತ್ಸೆಯ ಖರ್ಚನ್ನೂ ಹೊತ್ತು ಅವನನ್ನು ಸೇರಿಸಿಕೊಳ್ಳಬೇಕೇ ಎಂದು ಕ್ಲಬ್ಬಿನ ಆಡಳಿತ ತಿಂಗಳುಗಟ್ಟಲೆ ಮೀನಮೇಷ ಎಣಿಸಿತು. ತಂದೆ ಜಾರ್ಜ್ ಅವರ ತಾಳ್ಮೆ ಮುಗಿಯುತ್ತಿದ್ದಾಗ, ಅದೇ ವರ್ಷದ ಡಿಸೆಂಬರ್ 14ರಂದು, ಕ್ಲಬ್ಬಿನ ತಾಂತ್ರಿಕ ಕಾರ್ಯದರ್ಶಿಯಾಗಿದ್ದ ಕಾರ್ಲೆಸ್ ರೆಕ್ಸಾಕ್ ಅವರು ಟೆನಿಸ್ ಕ್ಲಬ್ಬೊಂದರಲ್ಲಿ ಕೈಗೆ ಸಿಕ್ಕಿದ ಕಾಗದದ ಕರವಸ್ತ್ರದ ಮೇಲೆ, ಯಾರ ಭಿನ್ನಾಭಿಪ್ರಾಯವಿದ್ದರೂ ತಮ್ಮ ಹೊಣೆಯ ಮೇಲೆ ಈ ಹುಡುಗನನ್ನು ಸೇರಿಸಿಕೊಳ್ಳುವುದಾಗಿ ಬರೆದು ಸಹಿ ಹಾಕಿದರು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಎಷ್ಟು ಬೆಲೆ ಇತ್ತೋ, ಆದರೆ ಆ ಕುಟುಂಬ ನಂಬಿದ್ದು ಅದನ್ನೇ. 2024ರಲ್ಲಿ ಅದೇ ಕರವಸ್ತ್ರ ಲಂಡನ್ನಿನ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ 7,62,400 ಪೌಂಡಿಗೆ ಮಾರಾಟವಾಯಿತು.

ಅಲ್ಲಿಂದ ಮುಂದೆ ಒಪ್ಪಂದಗಳು ಮೇಲಿಂದ ಮೇಲೆ ನವೀಕರಣಗೊಂಡವು, ಪ್ರತಿ ಬಾರಿಯೂ ಮೊತ್ತ ಏರಿತು. ಇದರ ಹಿಂದೆ ಎರಡು ಕಾನೂನುಗಳ ಒತ್ತಡವಿತ್ತು. ಕ್ರೀಡಾಪಟುಗಳ ಉದ್ಯೋಗಕ್ಕೆ ಸಂಬಂಧಿಸಿದ ಸ್ಪೇನಿನ 1985ರ ರಾಜಾಜ್ಞೆಯ ಪ್ರಕಾರ ಆಟಗಾರನು ಪರಿಹಾರದ ಹಣ ಕಟ್ಟಿ ಒಪ್ಪಂದವನ್ನು ಏಕಪಕ್ಷೀಯವಾಗಿ ಮುರಿಯಬಹುದು. ಹಾಗಾಗಿ ಅಲ್ಲಿನ ಒಪ್ಪಂದಗಳಲ್ಲಿ ಬಿಡುಗಡೆಯ ಮೊತ್ತವನ್ನು ಮೊದಲೇ ನಮೂದಿಸುವುದು ರೂಢಿ. ಇನ್ನೊಂದು, ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬಾಸ್ಮನ್ ಅವರ ಮೊಕದ್ದಮೆಯಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು. ಒಪ್ಪಂದದ ಅವಧಿ ಮುಗಿದ ಮೇಲೂ ಹೊಸ ಕ್ಲಬ್ಬಿನಿಂದ ವರ್ಗಾವಣೆ ಶುಲ್ಕ ಕೇಳುವ ಹಳೆಯ ಪದ್ಧತಿಯನ್ನು ಆ ತೀರ್ಪು ಕೊನೆಗೊಳಿಸಿತು. ಈ ಎರಡನ್ನೂ ಸೇರಿಸಿ ನೋಡಿದರೆ, ದೊಡ್ಡ ಆಟಗಾರನ ಒಪ್ಪಂದದ ಕೊನೆಯ ವರ್ಷ ಕ್ಲಬ್ಬಿನ ಪಾಲಿಗೆ ಏಕೆ ಅಷ್ಟು ಭಯದ ಕಾಲ ಎಂಬುದು ತಿಳಿಯುತ್ತದೆ. ಅವಧಿ ಮುಗಿದರೆ ಅವನು ಬಿಡಿಗಾಸೂ ಕೊಡದೆ ಹೊರಟುಹೋಗಬಲ್ಲ.

ಆ ಭಯ 2017ರಲ್ಲಿ ಬಾರ್ಸಿಲೋನಾವನ್ನು ನಿಜವಾಗಿಯೇ ಹಿಡಿಯಿತು. ಆ ವರ್ಷದ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ 22.2 ಕೋಟಿ ಯೂರೊ ಬಿಡುಗಡೆ ಮೊತ್ತವನ್ನು ಕಟ್ಟಿ ಬಾರ್ಸಿಲೋನಾದ ನೇಮರ್ ಅವರನ್ನು ಕರೆದೊಯ್ದಿತ್ತು. ಮೆಸ್ಸಿ ಅವರ ಒಪ್ಪಂದವೂ ಕೊನೆಯ ವರ್ಷಕ್ಕೆ ಕಾಲಿಟ್ಟಿತ್ತು. ನವೆಂಬರ್ 25ರಂದು ಅಧ್ಯಕ್ಷ ಜೋಸೆಪ್ ಮರಿಯಾ ಬಾರ್ತೊಮೇವ್ ಅವರ ಜೊತೆ ಮೆಸ್ಸಿ ಸಹಿ ಹಾಕಿದ ಹೊಸ ಒಪ್ಪಂದ 2021ರ ಜೂನ್ 30ರವರೆಗಿನದಾಗಿತ್ತು, ಬಿಡುಗಡೆಯ ಮೊತ್ತ 70 ಕೋಟಿ ಯೂರೊ. ಮುಂದೆ 2021ರ ಜನವರಿ ಕೊನೆಯಲ್ಲಿ ಸ್ಪೇನಿನ 'ಎಲ್ ಮುಂಡೊ' ಪತ್ರಿಕೆ ಈ ಒಪ್ಪಂದವನ್ನು ಬಯಲು ಮಾಡಿದಾಗ, ನಾಲ್ಕು ವರ್ಷಗಳಿಗೆ ತೆರಿಗೆಗೆ ಮುಂಚಿನ ಗರಿಷ್ಠ ಮೊತ್ತ 55 ಕೋಟಿ ಯೂರೊಗಳನ್ನೂ ಮೀರಿತ್ತು ಎಂಬುದು ಜಗತ್ತಿಗೆ ಗೊತ್ತಾಯಿತು. ಈ ಮೊತ್ತವೇ ಕ್ಲಬ್ಬನ್ನು ಮುಳುಗಿಸಿತು ಎಂದು ಆಗ ಅನೇಕರು ಬರೆದರು. ನನಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಮೆಸ್ಸಿ ಅವರ ಹೆಸರಿನಿಂದ ಕ್ಲಬ್ಬಿಗೆ ಹರಿದುಬಂದ ಪ್ರಾಯೋಜಕರ ಹಣ ಮತ್ತು ಟಿಕೆಟ್ ಆದಾಯ ಇನ್ನೊಂದು ತಕ್ಕಡಿಯಲ್ಲಿತ್ತು. ನೇಮರ್ ಅವರಿಂದ ಬಂದ ಹಣವನ್ನು ಹಿಡಿದುಕೊಂಡು ಒಸ್ಮಾನ್ ಡೆಂಬೆಲೆ, ಫಿಲಿಪ್ ಕುಟಿನ್ಯೊ, ಆಮೇಲೆ 2019ರಲ್ಲಿ ಆಂಟೊನ್ ಗ್ರೀಜ್‌ಮನ್, ಹೀಗೆ ಒಬ್ಬೊಬ್ಬರಿಗೂ 10 ಕೋಟಿ ಯೂರೊಗಳಿಗಿಂತ ಹೆಚ್ಚು ಸುರಿದ ಬಾರ್ತೊಮೇವ್ ಆಡಳಿತದ ಅವಸರವೇ ಹೆಚ್ಚಿನ ಹಾನಿ ಮಾಡಿತು. ಈ ಮೂವರಲ್ಲಿ ಯಾರೂ ಆ ಬೆಲೆಗೆ ತಕ್ಕಂತೆ ಬಾರ್ಸಿಲೋನಾದಲ್ಲಿ ನೆಲೆಯೂರಲಿಲ್ಲ.

2018-19ರ ಹಂಗಾಮಿನಲ್ಲಿ ಬಾರ್ಸಿಲೋನಾದ ಆದಾಯ 84 ಕೋಟಿ ಯೂರೊ ದಾಟಿ, ಆದಾಯದಲ್ಲಿ ಅದು ಜಗತ್ತಿನ ಮೊದಲ ಕ್ಲಬ್ ಎನಿಸಿಕೊಂಡಿತ್ತು. ಆದರೆ ಬಂದದ್ದೆಲ್ಲ ಸಂಬಳಕ್ಕೂ ಹಳೆಯ ಖರೀದಿಯ ಕಂತುಗಳಿಗೂ ಹೋಗುತ್ತಿತ್ತು, ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಸುಮಾರು ಒಂದು ಲಕ್ಷ ಜನ ಕೂರಬಹುದಾದ ಕ್ಯಾಂಪ್ ನೌ ಕ್ರೀಡಾಂಗಣದ ಬಾಗಿಲು ಮುಚ್ಚಿದಾಗ ಆ ಲೆಕ್ಕಾಚಾರ ಕುಸಿದುಬಿತ್ತು. ತುರ್ತು ಪರಿಸ್ಥಿತಿಯ ಅವಧಿಗೆ ಸಂಬಳದಲ್ಲಿ ಶೇ 70ರಷ್ಟು ಕಡಿತಕ್ಕೆ ಆಟಗಾರರು ಒಪ್ಪಿದರು. ಆದರೆ ಅದನ್ನು ಪ್ರಕಟಿಸುವಾಗಲೇ, ತಾವು ಮೊದಲಿನಿಂದಲೂ ಒಪ್ಪಿದ್ದ ವಿಷಯದಲ್ಲಿ ಕ್ಲಬ್ಬಿನ ಒಳಗಿನವರೇ ತಮ್ಮ ಮೇಲೆ ಒತ್ತಡ ಹೇರಲು ನೋಡಿದರೆಂದು ಮೆಸ್ಸಿ ಬಹಿರಂಗವಾಗಿ ಆಕ್ಷೇಪಿಸಿದರು. ಅದಕ್ಕೂ ಮೊದಲು ಫೆಬ್ರುವರಿಯಲ್ಲಿ, ಅನೇಕ ಆಟಗಾರರು ಶ್ರಮ ಹಾಕುತ್ತಿರಲಿಲ್ಲ ಎಂದ ಕ್ರೀಡಾ ನಿರ್ದೇಶಕ ಎರಿಕ್ ಅಬಿದಾಲ್ ಅವರಿಗೆ, ಹೆಸರು ಹಿಡಿದು ಹೇಳಿ ಎಂದು ಅವರು ಉತ್ತರ ಕೊಟ್ಟಿದ್ದೂ ಇತ್ತು. ಮಾತಿನಲ್ಲಿ ಮಿತವಾದ ಮೆಸ್ಸಿ ಹೀಗೆ ಎರಡೆರಡು ಬಾರಿ ಹೊರಗೆ ಬಂದು ಮಾತಾಡಿದ್ದೇ ಒಳಗಿನ ಬಿರುಕು ಎಷ್ಟು ಆಳವಾಗಿತ್ತೆಂಬುದನ್ನು ತೋರಿಸುತ್ತಿತ್ತು.

2020ರ ಆಗಸ್ಟ್ 14ರಂದು ಲಿಸ್ಬನ್ನಿನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಎದುರು ಬಾರ್ಸಿಲೋನಾ 8-2ರಿಂದ ಸೋತಿತು. ಹನ್ನೊಂದು ದಿನಗಳ ಬಳಿಕ, ಆಗಸ್ಟ್ 25ರಂದು, ಕ್ಲಬ್ ಬಿಡುವ ನಿರ್ಧಾರವನ್ನು ಮೆಸ್ಸಿ ಬ್ಯುರೋಫ್ಯಾಕ್ಸ್ ಮೂಲಕ ತಿಳಿಸಿದರು. ಬ್ಯುರೋಫ್ಯಾಕ್ಸ್ ಎಂದರೆ ಕಳುಹಿಸಿದ ದಿನಾಂಕಕ್ಕೂ ಬರೆದ ಒಕ್ಕಣೆಗೂ ಕಾನೂನಿನಲ್ಲಿ ಪುರಾವೆಯಾಗಿ ನಿಲ್ಲುವ ಸ್ಪೇನಿನ ಅಂಚೆ ಸೇವೆ. ನಮ್ಮಲ್ಲಿ ವಕೀಲರ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುವುದಕ್ಕೆ ಇದನ್ನು ಹೋಲಿಸಬಹುದು. ಮನೆಯವರಂತಿದ್ದವರ ನಡುವೆ ಇಂಥ ಪತ್ರ ಬಂತೆಂದರೆ ಮಾತು ನಿಂತಿದೆ ಎಂದೇ ಅರ್ಥ.

ಇಲ್ಲಿಂದ ಶುರುವಾದ ವಿವಾದವೆಲ್ಲ ಒಂದು ದಿನಾಂಕದ ಸುತ್ತ ನಡೆಯಿತು. ಹಂಗಾಮಿನ ಕೊನೆಯಲ್ಲಿ ಮುಂಚಿತವಾಗಿ ತಿಳಿಸಿ ಶುಲ್ಕವಿಲ್ಲದೆ ಹೊರಡುವ ಅವಕಾಶ 2017ರ ಒಪ್ಪಂದದಲ್ಲಿ ಮೆಸ್ಸಿ ಅವರಿಗಿತ್ತು. ಆ ಅವಕಾಶ ಜೂನ್ 10ಕ್ಕೇ ಮುಗಿಯಿತು ಎಂದು ಕ್ಲಬ್ ಹೇಳಿತು. ಸಾಮಾನ್ಯ ವರ್ಷಗಳಲ್ಲಿ ಜೂನ್ ಆರಂಭವೆಂದರೆ ಪಂದ್ಯಗಳೆಲ್ಲ ಮುಗಿದು ಆಟಗಾರ ಯೋಚಿಸಲು ಕೂರುವ ಕಾಲ. ಆದರೆ 2020ರ ಜೂನ್ 10ರಂದು ಕೊರೊನಾದಿಂದ ನಿಂತಿದ್ದ ಸ್ಪೇನ್ ಲೀಗ್ ಇನ್ನೂ ಮರಳಿ ಶುರುವೇ ಆಗಿರಲಿಲ್ಲ. ಹಂಗಾಮು ಮುಗಿದದ್ದು ಆಗಸ್ಟಿನಲ್ಲಿ. ದಿನಾಂಕವನ್ನು ಅಲ್ಲ, ಹಂಗಾಮಿನ ಕೊನೆಯನ್ನು ನೋಡಬೇಕು ಎಂಬುದು ಮೆಸ್ಸಿ ಅವರ ವಾದವಾಗಿತ್ತು. ಆಗಸ್ಟ್ 30ರಂದು ಸ್ಪೇನ್ ಲೀಗನ್ನು ನಡೆಸುವ ಲಾ ಲಿಗಾ ಸಂಸ್ಥೆ ಕ್ಲಬ್ಬಿನ ಪಕ್ಷ ವಹಿಸಿ, ಬಿಡುಗಡೆಯ ಮೊತ್ತ ಕಟ್ಟದ ಹೊರತು ನೋಂದಣಿಯಿಂದ ಮೆಸ್ಸಿ ಅವರ ಹೆಸರು ತೆಗೆಯುವುದಿಲ್ಲ ಎಂದಿತು. ಆ ಷರತ್ತನ್ನು ಬರೆದವರ ಉದ್ದೇಶ ಮೆಸ್ಸಿ ಅವರ ಕಡೆಗಿತ್ತು, ಅಕ್ಷರ ಕ್ಲಬ್ಬಿನ ಕಡೆಗಿತ್ತು ಎಂದೇ ನನಗೆ ಅನ್ನಿಸುತ್ತದೆ. ನ್ಯಾಯಾಲಯ ಯಾವುದನ್ನು ಎತ್ತಿಹಿಡಿಯುತ್ತಿತ್ತೋ, ಪ್ರಕರಣ ಅಲ್ಲಿಗೆ ಹೋಗಲೇ ಇಲ್ಲ. ಸೆಪ್ಟೆಂಬರ್ 4ರಂದು ಕೊಟ್ಟ ಸಂದರ್ಶನದಲ್ಲಿ ಮೆಸ್ಸಿ, ಹಂಗಾಮು ಮುಗಿದ ಮೇಲೆ ನಿರ್ಧರಿಸಬಹುದೆಂದು ಅಧ್ಯಕ್ಷರು ಸದಾ ಹೇಳುತ್ತಿದ್ದರು, ಕೊನೆಗೆ ಆ ಮಾತು ಉಳಿಸಿಕೊಳ್ಳಲಿಲ್ಲ ಎಂದರು. ತಮ್ಮ ಬದುಕನ್ನೇ ರೂಪಿಸಿದ ಕ್ಲಬ್ಬನ್ನು ಕೋರ್ಟಿಗೆ ಎಳೆಯಲಾರೆ, ಹಾಗಾಗಿ ಉಳಿಯುತ್ತೇನೆ ಎಂದೂ ಹೇಳಿದರು.

ಬಾರ್ಸಿಲೋನಾಕ್ಕೆ ಒಡೆಯರಿಲ್ಲ, ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಅವಿಶ್ವಾಸ ಮತಕ್ಕೆ 20 ಸಾವಿರಕ್ಕೂ ಹೆಚ್ಚು ಸದಸ್ಯರ ಸಹಿ ಸಂಗ್ರಹವಾದ ಮೇಲೆ ಬಾರ್ತೊಮೇವ್ ಅಕ್ಟೋಬರ್ 27ರಂದು ರಾಜೀನಾಮೆ ಕೊಟ್ಟರು. ಅದಕ್ಕೆ ಒಂದು ವಾರ ಮೊದಲಷ್ಟೇ ಆಟಗಾರರಾದ ಪಿಕೆ, ಟೆರ್ ಸ್ಟೆಗೆನ್, ಡಿ ಯಾಂಗ್, ಲಾಂಗ್ಲೆ ಅವರ ಒಪ್ಪಂದಗಳನ್ನು ವಿಸ್ತರಿಸಿ, ಅಂದಿನ ಸಂಬಳದ ಒಂದು ಭಾಗವನ್ನು ಮುಂದಿನ ವರ್ಷಗಳಿಗೆ ತಳ್ಳಿದ್ದರು. ಆ ಹೊರೆ ಬಂದು ಬಿದ್ದದ್ದು ಮುಂದೆ ಬಂದವರ ಹೆಗಲಿಗೆ. 2021ರ ಮಾರ್ಚ್ 7ರಂದು ಜೊವಾನ್ ಲಪೋರ್ಟಾ ಚುನಾವಣೆ ಗೆದ್ದರು. ಅಂದು ಮೆಸ್ಸಿ ಕೂಡ ಮಗನ ಜೊತೆ ಬಂದು ಮತ ಹಾಕಿದ್ದರು. ಮಾತುಕತೆ ಹೊಸ ಹುರುಪಿನಿಂದ ಶುರುವಾಯಿತು, ಆದರೆ ಮುಗಿಯುವ ಮೊದಲೇ ಒಪ್ಪಂದದ ಕೊನೆಯ ದಿನವಾದ ಜೂನ್ 30 ಬಂದು ಹೋಯಿತು. ಜುಲೈ 10ರಂದು ಮರಕಾನಾ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಪರ ಆಡಿ ಬ್ರೆಜಿಲ್ ತಂಡವನ್ನು 1-0ಯಿಂದ ಸೋಲಿಸಿ ದಕ್ಷಿಣ ಅಮೆರಿಕದ ರಾಷ್ಟ್ರಗಳ ಕೋಪಾ ಅಮೆರಿಕ ಕಪ್ ಎತ್ತಿಹಿಡಿದಾಗ ಮೆಸ್ಸಿ ಯಾವ ಕ್ಲಬ್ಬಿನ ಆಟಗಾರರೂ ಆಗಿರಲಿಲ್ಲ.

ಒಪ್ಪಂದ ಹೀಗೆ ಮುಗಿದುಹೋದದ್ದನ್ನು ಬರಿಯ ತಾಂತ್ರಿಕ ವಿಷಯವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಆಟಗಾರನೂ ಕ್ಲಬ್ಬೂ ಸಹಿ ಹಾಕಿದ ಮಾತ್ರಕ್ಕೆ ಅವನು ಮೈದಾನಕ್ಕಿಳಿಯಲಾಗದು. ಲೀಗ್ ಅವನ ಹೆಸರನ್ನು ನೋಂದಾಯಿಸಬೇಕು. ಒಪ್ಪಂದ ಮುಗಿದುಹೋದ ಮೇಲೆ ಮೆಸ್ಸಿ ನಿಯಮದ ಕಣ್ಣಿಗೆ ಹೊರಗಿನಿಂದ ಬರುವ ಹೊಸ ಆಟಗಾರ. ಲಾ ಲಿಗಾ 2013ರಿಂದ ಪ್ರತಿ ಕ್ಲಬ್ಬಿಗೂ ತಂಡದ ಮೇಲಿನ ಖರ್ಚಿಗೆ ಮಿತಿ ಹಾಕುತ್ತಿದೆ. ನಿರೀಕ್ಷಿತ ಆದಾಯದಲ್ಲಿ ಇತರ ಖರ್ಚುಗಳನ್ನೂ ಸಾಲದ ಕಂತುಗಳನ್ನೂ ಕಳೆದು ಉಳಿಯುವುದೇ ಆ ಮಿತಿ. ಆಟಗಾರರ ಸಂಬಳ ಮಾತ್ರವಲ್ಲ, ಅವರನ್ನು ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿದಾಗ ಬರುವ ಪಾಲು ಕೂಡ ಇದರೊಳಗೇ ಬರಬೇಕು. 12 ಕೋಟಿ ಯೂರೊ ಕೊಟ್ಟು ಐದು ವರ್ಷಕ್ಕೆ ತಂದ ಗ್ರೀಜ್‌ಮನ್ ಅವರ ಲೆಕ್ಕ, ಸಂಬಳ ಬಿಟ್ಟು, ವರ್ಷಕ್ಕೆ 2.4 ಕೋಟಿ ಯೂರೊ. 2019-20ರಲ್ಲಿ 67.1 ಕೋಟಿ ಯೂರೊ ಇದ್ದ ಬಾರ್ಸಿಲೋನಾದ ಮಿತಿ ಮರುವರ್ಷವೇ 38.2 ಕೋಟಿಗೆ ಇಳಿಯಿತು, 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅದು ಬರೀ 9.79 ಕೋಟಿ. ಮಿತಿ ಮೀರಿದ ಕ್ಲಬ್ ಉಳಿಸಿದ ನಾಲ್ಕು ಯೂರೊಗಳಲ್ಲಿ ಒಂದನ್ನು ಮಾತ್ರ ಹೊಸಬರ ಮೇಲೆ ಖರ್ಚು ಮಾಡಬಹುದಿತ್ತು. ಮೆಸ್ಸಿ ತಮ್ಮ ಸಂಬಳ ಅರ್ಧ ಬಿಟ್ಟರೂ ಉಳಿದರ್ಧಕ್ಕೆ ಜಾಗ ಮಾಡಲು ಅದರ ನಾಲ್ಕು ಪಟ್ಟು ಹೊರೆಯನ್ನು ಕ್ಲಬ್ ಕೆಳಗಿಳಿಸಬೇಕಿತ್ತು. ಅಷ್ಟು ದುಬಾರಿ ಸಂಬಳದ ಆಟಗಾರರನ್ನು ಕೊಳ್ಳುವವರು ಆ ಬೇಸಿಗೆಯಲ್ಲಿ ಯಾರೂ ಇರಲಿಲ್ಲ.

ಒಂದು ದಾರಿ ಉಳಿದಿತ್ತು. ಆಗಸ್ಟ್ 4ರಂದು ಲಾ ಲಿಗಾ ಸಂಸ್ಥೆ ಸಿವಿಸಿ ಎಂಬ ಹೂಡಿಕೆ ಕಂಪನಿಯಿಂದ 270 ಕೋಟಿ ಯೂರೊ ತರುವ ಯೋಜನೆ ಪ್ರಕಟಿಸಿತ್ತು. ಅದರಲ್ಲಿ ಪಾಲು ಪಡೆದಿದ್ದರೆ ಬಾರ್ಸಿಲೋನಾದ ಮಿತಿ ಸ್ವಲ್ಪ ಸಡಿಲವಾಗುತ್ತಿತ್ತು. ಆದರೆ ಪ್ರತಿಯಾಗಿ ಪ್ರಸಾರದ ಆದಾಯದ ಒಂದು ಪಾಲನ್ನು ಐವತ್ತು ವರ್ಷ ಬಿಟ್ಟುಕೊಡಬೇಕಿತ್ತು. ಅರ್ಧ ಶತಮಾನ ಕ್ಲಬ್ಬನ್ನು ಅಡವಿಡಲಾರೆ ಎಂದು ಲಪೋರ್ಟಾ ಆಗಸ್ಟ್ 6ರ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಮೆಸ್ಸಿ ಅವರನ್ನು ಸೇರಿಸಿಕೊಂಡರೆ ತಂಡದ ಸಂಬಳ ಆದಾಯದ ಶೇ 110ರಷ್ಟಾಗುತ್ತದೆ, ಅವರಿಲ್ಲದೆಯೂ ಶೇ 95 ಎಂದರು. ಇದಕ್ಕೂ ಮೊದಲೇ ಮೆಸ್ಸಿ ರಜೆ ಮುಗಿಸಿ ಇಬಿಜಾ ದ್ವೀಪದಿಂದ ಸಹಿ ಹಾಕಲೆಂದೇ ಬಂದಿದ್ದರು. ಕೆಲವೇ ದಿನಗಳಲ್ಲಿ ಕ್ಲಬ್ಬಿನ ಸಾಲ 135 ಕೋಟಿ ಯೂರೊ ಎಂಬ ಲೆಕ್ಕವನ್ನು ಲಪೋರ್ಟಾ ಹೊರಗಿಟ್ಟರು. ಸಿವಿಸಿ ವಿಷಯದಲ್ಲಿ ಅವರ ನಿರ್ಧಾರ ಸರಿಯೇ ಇರಬಹುದು. ಆದರೆ ಕ್ಲಬ್ಬಿನ ಸ್ಥಿತಿ ಇಷ್ಟು ಹದಗೆಟ್ಟಿದೆ ಎಂದು ಗೊತ್ತಿದ್ದೂ ಸಹಿಯ ದಿನದವರೆಗೆ ಆಟಗಾರನಲ್ಲಿ ಭರವಸೆ ತುಂಬುತ್ತಾ ಬಂದದ್ದನ್ನು ಸಮರ್ಥಿಸುವುದು ಕಷ್ಟ.

ಆಗಸ್ಟ್ 8ರಂದು ಕ್ಯಾಂಪ್ ನೌ ಆವರಣದ ಸಭಾಂಗಣದಲ್ಲಿ ವಿದಾಯ ಹೇಳಲು ಬಂದ ಮೆಸ್ಸಿ ಮಾತು ಶುರುಮಾಡುವ ಮೊದಲೇ ಅತ್ತರು. ಕಳೆದ ವರ್ಷ ಹೊರಡಬೇಕೆಂದಿದ್ದೆ, ಈ ವರ್ಷ ಹಾಗಿರಲಿಲ್ಲ, ಉಳಿಯುತ್ತೇವೆ ಎಂದೇ ನಾನೂ ಕುಟುಂಬವೂ ನಂಬಿದ್ದೆವು ಎಂದರು. ಎರಡು ದಿನಗಳಲ್ಲಿ ಪಿಎಸ್‌ಜಿ ಸೇರಿದರು. ಬಾರ್ಸಿಲೋನಾ ಪರ 778 ಪಂದ್ಯಗಳಲ್ಲಿ 672 ಗೋಲು ಹೊಡೆದವರಿಗೆ ತುಂಬಿದ ಕ್ರೀಡಾಂಗಣದ ಎದುರು ಒಂದು ಕೊನೆಯ ಪಂದ್ಯವೂ ದಕ್ಕಲಿಲ್ಲ. ಮೆಸ್ಸಿ ಸಂಬಳವಿಲ್ಲದೆ ಆಡುತ್ತೇನೆ ಎನ್ನಬಹುದೆಂದು ಆಶಿಸಿದ್ದೆ ಎಂದು ಆ ಅಕ್ಟೋಬರಿನಲ್ಲಿ ಲಪೋರ್ಟಾ ಹೇಳಿದರು. ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ ಎಂದು ಮೆಸ್ಸಿ ಉತ್ತರಿಸಿದರು. ಕೇಳದ ತ್ಯಾಗವನ್ನು ಮಾಡಲಿಲ್ಲವೆಂದು ಆಮೇಲೆ ಸೂಚಿಸಿದ್ದು ನ್ಯಾಯವಲ್ಲ.

ಪ್ಯಾರಿಸ್ಸಿನ ಒಪ್ಪಂದ 2023ರಲ್ಲಿ ಮುಗಿಯುತ್ತಾ ಬಂದಾಗ ಅದೇ ಕಥೆ ಮತ್ತೆ ತಲೆ ಎತ್ತಿತು. ಮೆಸ್ಸಿ ಅವರನ್ನು ಮರಳಿ ಕರೆತರುವ ಹಣಕಾಸಿನ ಯೋಜನೆಗೆ ಜೂನ್ 5ರಂದು ಲಾ ಲಿಗಾ ಒಪ್ಪಿಗೆ ಕೊಟ್ಟಿತು, ಆದರೆ ಅದು ನಡೆಯಬೇಕಾದರೆ ಬೇರೆ ಆಟಗಾರರನ್ನು ಮಾರಬೇಕಿತ್ತು ಇಲ್ಲವೇ ಅವರ ಸಂಬಳ ಇಳಿಸಬೇಕಿತ್ತು. ಅಂಥದ್ದಕ್ಕೆ ತಾವು ಕಾರಣರಾಗುವುದಾಗಲೀ, ತಮ್ಮ ಭವಿಷ್ಯವನ್ನು ಮತ್ತೊಮ್ಮೆ ಇನ್ನೊಬ್ಬರ ಕೈಗೆ ಒಪ್ಪಿಸಿ ಕಾಯುವುದಾಗಲೀ ಬೇಡವೆಂದು ಮೆಸ್ಸಿ ಜೂನ್ 7ರಂದು ಅಮೆರಿಕದ ಇಂಟರ್ ಮಯಾಮಿ ಕ್ಲಬ್ ಸೇರುವ ನಿರ್ಧಾರ ಪ್ರಕಟಿಸಿದರು. ಆ ಕ್ಲಬ್ಬಿನ ಜೊತೆಗಿನ ಒಪ್ಪಂದವನ್ನು 2025ರ ಅಕ್ಟೋಬರಿನಲ್ಲಿ 2028ರವರೆಗೆ ವಿಸ್ತರಿಸಿಕೊಂಡರು. ಅದಾದ ಕೆಲವೇ ದಿನಗಳಲ್ಲಿ, ನವೆಂಬರಿನ ಒಂದು ರಾತ್ರಿ, ನವೀಕರಣದ ಕೆಲಸ ಇನ್ನೂ ಮುಗಿಯದಿದ್ದ ಕ್ಯಾಂಪ್ ನೌಗೆ ಸದ್ದಿಲ್ಲದೆ ಹೋಗಿ ಬಂದ ಮೆಸ್ಸಿ ಅಲ್ಲಿನ ಚಿತ್ರಗಳನ್ನು ಹಂಚಿಕೊಂಡು, ಎಂದಾದರೂ ಒಂದು ದಿನ ಇಲ್ಲಿಗೆ ಮರಳುವ ಆಸೆಯಿದೆ, ಆಟಗಾರನಾಗಿ ಹೇಳಲಾಗದೆ ಉಳಿದ ವಿದಾಯವನ್ನು ಹೇಳುವುದಕ್ಕಷ್ಟೇ ಅಲ್ಲ ಎಂದು ಬರೆದರು.