ಬಿಸಿಲಿಗೆ ಬೆನ್ನು ಕೊಟ್ಟ ಕೊಂಬು

ಅರಿಶಿನ, ಶುಂಠಿ ನೆಡುವ ಮನೆಯಲ್ಲಿ ಬೆಳೆದವರಿಗೆ ಕೊಂಬನ್ನು ಮಣ್ಣಿನೊಳಗೆ ಹೂಳುವುದು ಕೈಗೆ ತಾನಾಗಿ ಬರುವ ಕೆಲಸ. ಅಮೆರಿಕದ ನ್ಯೂಜೆರ್ಸಿಗೆ ಬಂದು ನೆಲೆಸಿದ ಮೊದಲ ವರ್ಷ, ನೆರೆಮನೆಯವರು ಕೊಟ್ಟ, ಐರಿಸ್ ಎಂಬ ಹೂಗಿಡದ ಐದು ಕೊಂಬುಗಳನ್ನು ನಾನು ಅದೇ ರೂಢಿಯಂತೆ ನಾಲ್ಕು ಬೆರಳು ಆಳಕ್ಕೆ ಇಳಿಸಿ, ಮೇಲೆ ಗೊಬ್ಬರ ಹರಡಿ, ದಿನವೂ ನೀರು ಹಾಕಿದೆ. ಮರುವರ್ಷ ಮೇ ತಿಂಗಳಲ್ಲಿ ಅವರ ಅಂಗಳದಲ್ಲಿ ಸೊಂಟದೆತ್ತರದ ದಂಟುಗಳ ಮೇಲೆ ನೇರಳೆ ಹೂಗಳು ಅರಳಿದ್ದಾಗ ನನ್ನ ಮಡಿಯಲ್ಲಿ ಮೂರು ಗಿಡಗಳು ಬರೀ ಎಲೆಯಾಗಿ ನಿಂತಿದ್ದವು; ಉಳಿದೆರಡನ್ನು ಅಗೆದು ನೋಡಿದರೆ ಕೊಂಬು ಗಂಜಿಯಂತೆ ಕರಗಿ ಗಬ್ಬು ನಾರುತ್ತಿತ್ತು.

ತಪ್ಪು ಎಲ್ಲಿತ್ತು ಎಂಬುದು ಗಿಡದ ತವರನ್ನು ತಿಳಿದ ಮೇಲೆ ಅರ್ಥವಾಯಿತು. ತೋಟಗಳಲ್ಲಿ ಬೆಳೆಸುವ, ಎಸಳಿನ ಮೇಲೆ ಕೂದಲ ಸಾಲಿರುವ ಗಡ್ಡದ ಐರಿಸ್‌ಗಳ ಪೂರ್ವಜರು ದಕ್ಷಿಣ ಯುರೋಪಿನಿಂದ ಪಶ್ಚಿಮ ಏಷ್ಯಾದವರೆಗಿನ ಕಲ್ಲುನೆಲದ ಇಳಿಜಾರುಗಳಲ್ಲಿ ಬೆಳೆದವು. ಅಲ್ಲಿ ಚಳಿಗಾಲ ಕಟುವಾಗಿರುತ್ತದೆ, ವಸಂತದಲ್ಲಿ ಮಣ್ಣು ತೇವವಾಗಿರುತ್ತದೆ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿ ಮಳೆಯೂ ಬೀಳುವುದಿಲ್ಲ. ಆ ಒಣ ದಿನಗಳನ್ನು ದಾಟಲು ಗಿಡ ತನ್ನ ಕಾಂಡವನ್ನೇ ಅಡ್ಡ ಮಲಗಿಸಿ, ದಪ್ಪಗೊಳಿಸಿ, ಅದರಲ್ಲಿ ಪಿಷ್ಟ ಮತ್ತು ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಅರಿಶಿನದ ಕೊಂಬೂ ಇಂಥದೇ ಕಾಂಡ. ಆದರೆ ಅದು ಮಳೆನಾಡಿನದು, ಮಣ್ಣಿನ ತಂಪಿನಲ್ಲಿ ಅಡಗಿ ಕೊಬ್ಬುತ್ತದೆ. ಐರಿಸ್ ಕೊಂಬು ನೆಲದ ಮೇಲೆ ಬೆನ್ನು ತೋರಿಸಿ, ಬಿಸಿಲಿಗೆ ಕಾಯುತ್ತಾ ಮಲಗಿರಬೇಕು.

ಆದ್ದರಿಂದ ನೆಡುವ ಕ್ರಮ ಹೀಗೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಬೇಕು. ಬೇಸಿಗೆ ಕಳೆಯುವ ಹೊತ್ತಿಗೆ, ಎಂದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ, ಗುಂಡಿ ತೋಡಿ ಅದರ ನಡುವೆ ಮಣ್ಣಿನ ಸಣ್ಣ ದಿಣ್ಣೆ ಎಬ್ಬಿಸಿ, ಕುದುರೆಯ ಮೇಲೆ ಸವಾರನನ್ನು ಕೂರಿಸಿದಂತೆ ಕೊಂಬನ್ನು ಅದರ ಮೇಲಿಟ್ಟು, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು ಮಣ್ಣು ಮುಚ್ಚಬೇಕು. ಕೊಂಬಿನ ಮೇಲ್ಭಾಗ ನೆಲಮಟ್ಟದಲ್ಲಿ ಕಾಣುತ್ತಿರಬೇಕು. ನನ್ನ ಊರಿನ ಅಂಟುಮಣ್ಣಿನಲ್ಲಿ ಮಡಿಯನ್ನೇ ಒಂದು ಗೇಣು ಎತ್ತರಿಸದೆ ಬೇರೆ ದಾರಿಯಿರಲಿಲ್ಲ. ಬೇರೂರುವವರೆಗೆ ನೀರು ಕೊಟ್ಟರೆ ಸಾಕು, ಆಮೇಲೆ ತೀರಾ ಒಣಗಿದಾಗ ಮಾತ್ರ. ಸಾರಜನಕ ಹೆಚ್ಚಿರುವ ಗೊಬ್ಬರ ಎಲೆಯನ್ನು ಸೊಕ್ಕಿಸಿ ಕೊಂಬನ್ನು ಮೆತ್ತಗಾಗಿಸುವುದರಿಂದ ಅದನ್ನು ದೂರವಿಡುವುದೇ ಲೇಸು.

ಇದರ ಬೆಳವಣಿಗೆ ಬಾಳೆಯನ್ನು ನೆನಪಿಸುತ್ತದೆ. ಹೂದಂಟು ಎತ್ತಿದ ಕೊಂಬಿನ ತುದಿ ಮತ್ತೊಮ್ಮೆ ಹೂ ಬಿಡುವುದಿಲ್ಲ. ಪಕ್ಕದಲ್ಲಿ ಮೂಡಿದ ಮರಿಗಳು ಮುಂದಿನ ವರ್ಷದ ಹೂವನ್ನು ಹೊರುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಮರಿಗಳು ಒಂದರ ಮೇಲೊಂದು ಹತ್ತಿ, ನಡುವಿನ ಹಳೆಯ ಕೊಂಬುಗಳು ಬರಿದಾಗಿ, ಹೂ ಕಡಿಮೆಯಾಗುತ್ತದೆ. ಆಗ ಬುಡವನ್ನೇ ಎತ್ತಿ, ಹೊರಸುತ್ತಿನ ಗಟ್ಟಿ ಮರಿಗಳನ್ನು ಚಾಕುವಿನಿಂದ ಬಿಡಿಸಿ, ಎಲೆಗಳನ್ನು ಬೀಸಣಿಗೆಯಂತೆ ಕತ್ತರಿಸಿ, ಕೊಯ್ದ ಗಾಯ ಒಣಗಿದ ಮೇಲೆ ಹೊಸದಾಗಿ ನೆಡಬೇಕು. ಒಂದು ಬುಡದಿಂದ ಆರೇಳು ಸಸಿ ಸಿಗುವುದರಿಂದ ಹಂಚಲು ಯಾವಾಗಲೂ ಮಿಗುತ್ತವೆ.

ಕೊಳೆಗೆ ಕಾರಣ ಒಂದು ಬ್ಯಾಕ್ಟೀರಿಯಾ. ಅದು ಗಾಯದ ಮೂಲಕ ಒಳಹೊಕ್ಕು ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುತ್ತದೆ. ಕೊಂಬು ಲೋಳೆಯಾಗುವುದು ಹೀಗೆ. ಗಾಯ ಮಾಡಿಕೊಡುವುದು ಹಲವು ಸಲ ಉತ್ತರ ಅಮೆರಿಕದ ಪೂರ್ವಭಾಗದಲ್ಲಿರುವ ಐರಿಸ್ ಕೊರೆಹುಳು. ಅದರ ಪತಂಗ ಶರತ್ಕಾಲದಲ್ಲಿ ಒಣಗಿದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ, ವಸಂತದಲ್ಲಿ ಹೊರಬಂದ ಮರಿಹುಳು ಎಲೆಯೊಳಗೆ ಕೊರೆಯುತ್ತಾ ಇಳಿದು ಬೇಸಿಗೆಯ ಹೊತ್ತಿಗೆ ಕೊಂಬನ್ನು ತಲುಪುತ್ತದೆ. ಹಿಮ ಬೀಳುವ ಕಾಲಕ್ಕೆ ಹಳೆಯ ಎಲೆಗಳನ್ನು ಸಂಪೂರ್ಣವಾಗಿ ಗುಡಿಸಿ ತೆಗೆಯುವುದರಷ್ಟು ಫಲ ಕೊಟ್ಟ ಉಪಾಯ ನನ್ನ ತೋಟದಲ್ಲಿ ಇನ್ನೊಂದಿಲ್ಲ. ಕೊಳೆ ಕಂಡರೆ ಗಟ್ಟಿ ಭಾಗ ಸಿಗುವವರೆಗೆ ಕೆರೆದು ತೆಗೆದು ಬಿಸಿಲಿಗೆ ತೆರೆದಿಡಬೇಕು. ಜಿಂಕೆಗಳು ಮಾತ್ರ ಈ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇನ್ನು ಹೂವನ್ನು ಕೈಗೆ ತೆಗೆದುಕೊಂಡು ನೋಡೋಣ. ಮೂರು ಎಸಳುಗಳು ಮೇಲೆದ್ದು ಗೋಪುರದಂತೆ ಕೂಡಿರುತ್ತವೆ, ಇವು ಪುಷ್ಪದಳಗಳು. ಕೆಳಗೆ ಇಳಿಬಿದ್ದ ಮೂರು ಎಸಳುಗಳು ಪುಷ್ಪಪತ್ರಗಳು. ಇಳಿಬಿದ್ದ ಪ್ರತಿಯೊಂದು ಎಸಳಿನ ನಡುಗೆರೆಯ ಮೇಲೆ ಕಂಬಳಿಹುಳು ಮಲಗಿದಂತೆ, ಬಹುಪಾಲು ಹಳದಿ ಇಲ್ಲವೇ ಕಿತ್ತಳೆ ಬಣ್ಣದ ಕೂದಲಿನ ಸಾಲು; ಅದೇ ಗಡ್ಡ. ಗಡ್ಡದ ಒಳತುದಿಯ ಮೇಲೆ ಕಮಾನಿನಂತೆ ಬಾಗಿರುವ ಇನ್ನೊಂದು ಎಸಳನ್ನು ಎತ್ತಿ ನೋಡಿದರೆ ಬೆರಗಾಗುತ್ತದೆ: ಅದು ಎಸಳೇ ಅಲ್ಲ, ಎಸಳಿನ ರೂಪ ತಾಳಿದ ಶಲಾಕೆ, ಎಂದರೆ ಹೂವಿನ ಹೆಣ್ಣುಭಾಗದ ದಂಟು. ಅದರ ಕೆಳಗೆ ಮರೆಯಲ್ಲಿ ಪರಾಗ ಹೊತ್ತ ಒಂದೇ ಒಂದು ಕೇಸರ, ತುದಿಯ ಹತ್ತಿರ ಪರಾಗವನ್ನು ಪಡೆಯುವ, ತೆಳು ತುಟಿಯಂಥ ಶಲಾಕಾಗ್ರ. ದಪ್ಪ ದುಂಬಿಯೊಂದು ಮಕರಂದಕ್ಕಾಗಿ ಗಡ್ಡದ ಜಾಡು ಹಿಡಿದು ಆ ಕಮಾನಿನೊಳಗೆ ನುಗ್ಗಿದಾಗ, ಬೇರೆ ಹೂವಿನಿಂದ ಬೆನ್ನ ಮೇಲೆ ಹೊತ್ತು ತಂದ ಪರಾಗವನ್ನು ಮೊದಲು ಆ ತುಟಿ ಕೆರೆದುಕೊಳ್ಳುತ್ತದೆ. ಇನ್ನಷ್ಟು ಒಳಗೆ ಹೋದಾಗ ಕೇಸರ ಹೊಸ ಪರಾಗವನ್ನು ಬಳಿಯುತ್ತದೆ. ಹಿಮ್ಮೆಟ್ಟಿ ಬರುವಾಗ ಬೆನ್ನು ತುಟಿಯ ಹಿಂಭಾಗಕ್ಕೆ ತಾಗುವುದರಿಂದ ಹೂವಿನ ಸ್ವಂತ ಪರಾಗ ಅದಕ್ಕೆ ಅಂಟುವುದಿಲ್ಲ. ಹೀಗೆ ಒಂದೇ ಹೂವಿನಲ್ಲಿ ಮೂರು ಬಾಗಿಲುಗಳು, ಮೂರಕ್ಕೂ ಇದೇ ಏರ್ಪಾಡು. ಕೇಸರಿಯೂ ಇದೇ ಕುಟುಂಬದ ಗಿಡ. ನಾವು ಪಾಯಸಕ್ಕೆ ಹಾಕುವ ಮೂರು ಕೆಂಪೆಳೆಗಳು ಅದರ ಶಲಾಕಾಗ್ರಗಳು ಎಂದು ನೆನೆದರೆ ಆ ನೆಂಟಸ್ತಿಕೆ ಕಣ್ಣಿಗೆ ಕಾಣುತ್ತದೆ.

ಐರಿಸ್ ಎಂಬುದು ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು, ಮತ್ತು ಹೂವಿಗೆ ಅದು ಒಪ್ಪುತ್ತದೆ. ನೀಲಿ, ನೇರಳೆಗಳು ಕೋಶದ ರಸದಲ್ಲಿ ಕರಗಿರುವ ಬಣ್ಣದ್ರವ್ಯವಾದ ಆಂಥೋಸಯನಿನ್‌ನಿಂದ ಬರುತ್ತವೆ, ಹಳದಿ ಬರುವುದು ಇನ್ನೊಂದು ಬಗೆಯ ಬಣ್ಣದ್ರವ್ಯಗಳಾದ ಕ್ಯಾರೊಟಿನಾಯ್ಡ್‌ಗಳಿಂದ. ಎರಡೂ ಒಂದರ ಮೇಲೊಂದು ಬಿದ್ದರೆ ಬೆಲ್ಲದ ಕಂದು. ನಸುಗೆಂಪು ತಳಿಗಳ ಬಣ್ಣ ಲೈಕೊಪೀನ್, ಟೊಮೆಟೊದಲ್ಲಿರುವ ಅದೇ ವಸ್ತು. ಇಷ್ಟೆಲ್ಲ ಇದ್ದರೂ ದಾಸವಾಳದ ಅಚ್ಚಕೆಂಪು ಮಾತ್ರ ಇವುಗಳಲ್ಲಿಲ್ಲ. ಹಳೆಯ ಯುರೋಪಿನ ತಳಿಗಳ ಜೀವಕೋಶಗಳಲ್ಲಿ, ವಂಶದ ಗುಣಗಳನ್ನು ಹೊರುವ ವರ್ಣತಂತುಗಳು 24 ಇದ್ದವು. ಕೇಂಬ್ರಿಜ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಫಾಸ್ಟರ್ 19ನೇ ಶತಮಾನದ ಕೊನೆಯಲ್ಲಿ ಇಂದಿನ ಟರ್ಕಿಯ ಕಡೆಯಿಂದ ದೊಡ್ಡ ಹೂವಿನ ಐರಿಸ್‌ಗಳನ್ನು ತರಿಸಿ ತಮ್ಮ ತೋಟದಲ್ಲಿ ಸಂಕರ ಮಾಡತೊಡಗಿದರು. ಅವುಗಳಲ್ಲಿ ವರ್ಣತಂತುಗಳು ಇಮ್ಮಡಿ, ಎಂದರೆ 48. ಇಂದಿನ ಎತ್ತರದ ತಳಿಗಳ ಅಗಲ ಎಸಳು, ಗಟ್ಟಿ ದಂಟು ಆ ದಾರಿಯಿಂದಲೇ ಬಂದವು.

ನನ್ನ ಮನೆಯಿಂದ ಹೋಗಿಬರಬಹುದಾದ ಮಾಂಟ್‌ಕ್ಲೇರ್‌ನಲ್ಲಿ 1927ರಲ್ಲಿ ಸ್ಥಾಪನೆಯಾದ ಪ್ರೆಸ್ಬಿ ಐರಿಸ್ ಉದ್ಯಾನವಿದೆ. ಮೇ ಕೊನೆಯ ವಾರಗಳಲ್ಲಿ ಅಲ್ಲಿ ಹಳೆಯ, ಹೊಸ ತಳಿಗಳನ್ನು ನೋಡುತ್ತಾ ನಡೆದರೆ ಎಸಳು ಕಿರಿದಾಗಿದ್ದದ್ದು ಹೇಗೆ ಅಗಲವಾಯಿತು, ಅಂಚು ಹೇಗೆ ಸುರುಳಿಯಾಯಿತು ಎಂಬ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಹಳೆಯವುಗಳ ಸರಳ ಚೆಲುವೇ ನನಗೆ ಹೆಚ್ಚು ಹಿಡಿಸುತ್ತದೆ. ಮಳೆ ಬಂದಾಗ ಅವು ಭಾರಕ್ಕೆ ಬಾಗುವುದೂ ಕಡಿಮೆ.

ಕೊಂಬಿಗೂ ತನ್ನದೇ ಬೆಲೆಯಿದೆ. ಇಟಲಿಯ ಫ್ಲಾರೆನ್ಸ್ ಸುತ್ತಲ ಗುಡ್ಡಗಳಲ್ಲಿ ಇದನ್ನು ಸುಗಂಧಕ್ಕಾಗಿ ಬೆಳೆಸುತ್ತಾರೆ. ಹಸಿ ಕೊಂಬಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಸಿಪ್ಪೆ ತೆಗೆದು ಒಣಗಿಸಿ ವರ್ಷಗಟ್ಟಲೆ ಇಟ್ಟಾಗ ಅದರ ಕೊಬ್ಬಿನಂಥ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಬೆರೆತು ಐರೋನ್ ಎಂಬ, ವಯಲೆಟ್ ಹೂವನ್ನು ಹೋಲುವ ಗಂಧವಾಗುತ್ತದೆ. ಹಿಂದೆ ಯುರೋಪಿನಲ್ಲಿ ಹಲ್ಲು ಬರುವ ಕೂಸುಗಳಿಗೆ ಈ ಒಣ ಕೊಂಬನ್ನು ಕಚ್ಚಲು ಕೊಡುತ್ತಿದ್ದರು. ನಮ್ಮಲ್ಲಿ ಕೂಸಿಗೆ ಬಜೆ ತೇಯ್ದು ನೆಕ್ಕಿಸುವುದು ನೆನಪಾಗುತ್ತದೆ. ಬಜೆಗೂ ಐರಿಸ್‌ಗೂ ರಕ್ತಸಂಬಂಧವಿಲ್ಲ, ಆದರೆ ಕತ್ತಿಯಂಥ ಎಲೆ ಎಷ್ಟು ಒಂದೇ ತೆರನೆಂದರೆ, ಕೆರೆಯಂಚಿನಲ್ಲಿ ಬೆಳೆಯುವ ಹಳದಿ ಐರಿಸ್‌ಗೆ ಸಸ್ಯಶಾಸ್ತ್ರಜ್ಞರು ಇಟ್ಟ ಸ್ಯೂಡಕೋರಸ್ ಎಂಬ ಹೆಸರಿನ ಅರ್ಥವೇ ಹುಸಿ ಬಜೆ.

ಊರಿನ ಗೆಳೆಯರು ಬೆಂಗಳೂರಿಗೆ ಕೊಂಬು ತರಲು ಕೇಳುತ್ತಾರೆ. ಗಿಡ ಬದುಕಬಹುದು, ಹೂವಿನ ಭರವಸೆ ಕೊಡಲಾರೆ. ಎತ್ತರದ ಗಡ್ಡದ ಐರಿಸ್‌ನಲ್ಲಿ ಮೊಗ್ಗು ಮೂಡಲು ವಾರಗಟ್ಟಲೆ ಗಟ್ಟಿ ಚಳಿ ತಾಗಬೇಕು. ಬೆಂಗಳೂರಿನ ಡಿಸೆಂಬರ್ ಅಷ್ಟು ಕೊರೆಯುವುದಿಲ್ಲ. ಭಾರತದಲ್ಲೇ ಇವನ್ನು ಕಣ್ತುಂಬ ನೋಡಬಯಸುವವರು ವಸಂತದಲ್ಲಿ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿನ ಹಳೆಯ ಖಬರಸ್ಥಾನಗಳಲ್ಲಿ ಗೋರಿಗಳ ಮೇಲೆ ಬಿಳಿಯ, ನೇರಳೆಯ ಐರಿಸ್‌ಗಳನ್ನು ನೆಡುವ ಪದ್ಧತಿಯಿದೆ, ಯಾರೂ ನೀರೆರೆಯದಿದ್ದರೂ ಅವು ವರ್ಷ ವರ್ಷ ಅರಳುತ್ತವೆ.

ಹೋದ ಮೇ ತಿಂಗಳಲ್ಲಿ ನಾನು ಒಂದು ತಿಳಿನೀಲಿ ಹೂವಿನ ಕೇಸರವನ್ನು ಚಿಮಟದಿಂದ ಕಿತ್ತು, ಹಳೆಯ ಹಳದಿ ತಳಿಯ ಮೂರೂ ತುಟಿಗಳಿಗೆ ಸವರಿ, ದಂಟಿಗೆ ದಾರ ಕಟ್ಟಿದೆ. ಎರಡು ತಿಂಗಳಲ್ಲಿ ಕಾಯಿ ಕಂದಾಗಿ ಬಿರಿಯಿತು. ಬೀಜಗಳನ್ನು ಶರತ್ಕಾಲದಲ್ಲಿ ಬಿತ್ತಿ ಹಿಮಕ್ಕೆ ಬಿಟ್ಟಿದ್ದೆ. ಈಗ ಕುಂಡದಲ್ಲಿ ಹುಲ್ಲಿನೆಳೆಯಂಥ ಹನ್ನೊಂದು ಸಸಿಗಳಿವೆ. ಅವು ಹೂ ಬಿಡಲು ಇನ್ನೂ ಎರಡು ವರ್ಷ ಬೇಕು, ಯಾವುದರ ಬಣ್ಣ ಏನೆಂದು ಅಲ್ಲಿಯವರೆಗೆ ಯಾರೂ ಹೇಳಲಾರರು.