ಐದು ಇಂಚಿನ ಮೋಲ್ಡ್ ಮೇಲೆ ಸ್ಟೀಲ್ ಫ್ರೇಮ್ ಗೋಡೆ ನಿಲ್ಲಿಸಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಹದಿನೆಂಟು ವರ್ಷದ ಹಳೆಯ ಮನೆ, ನೆಲ ಅಂತಸ್ತು ಮಾತ್ರ. ಮಗನ ಮದುವೆಗೆ ಮುಂಚೆ ತಾರಸಿ ಮೇಲೆ ಎರಡು ಕೋಣೆ ಹಾಕಿಸಬೇಕು. ಇಟ್ಟಿಗೆ ಗೋಡೆ ಭಾರ ಆಗುತ್ತದೆ, ಸ್ಟೀಲ್ ಫ್ರೇಮ್ ಗೋಡೆಯಾದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಗುತ್ತಿಗೆದಾರರು ಹೇಳುತ್ತಾರೆ. ನಮ್ಮ ಸ್ಲ್ಯಾಬ್ ಐದು ಇಂಚು. ತಡೆಯುತ್ತದೆಯೇ?

ಉತ್ತರ: ಇದನ್ನು ಕೇಳುವವರೆಲ್ಲ ಮೊದಲು ಸ್ಲ್ಯಾಬಿನ ದಪ್ಪ ಹೇಳುತ್ತಾರೆ, ಆಮೇಲೆ ಕಾಂಕ್ರೀಟು ಎಂ20 ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಬೇರೆಯದೇ ಮಾತು. ಹೊಸ ಗೋಡೆ ಬರುವ ಗೆರೆಯ ನೇರ ಕೆಳಗೆ, ಕೆಳಮನೆಯಲ್ಲಿ ಏನಿದೆ? ಗೋಡೆಯೇ, ಬೀಮೇ, ಬರೀ ಗಾಳಿಯೇ? ಉತ್ತರ ಅಲ್ಲಿದೆ.

ಕಾಂಕ್ರೀಟು ಗೋಡೆಯ ಅಡಿಯಲ್ಲಿ ಜಜ್ಜಿಹೋಗುತ್ತದೆ ಎಂಬ ಹೆದರಿಕೆ ಬೇಡ. ಎಂ20 ಎಂದರೆ 28 ದಿನ ಕಳೆದ ಪರೀಕ್ಷೆಯ ಕ್ಯೂಬು ಚದರ ಸೆಂಟಿಮೀಟರಿಗೆ ಸುಮಾರು 200 ಕೆಜಿ ತಡೆಯುವ ಕಾಂಕ್ರೀಟು. ಎರಡಡಿಗೊಂದರಂತೆ ನಿಲ್ಲಿಸಿದ ಸ್ಟೀಲ್ ಸ್ಟಡ್ (ಗೋಡೆಯೊಳಗಿನ ತೆಳು ಕಂಬ) ಒಂದೊಂದೂ ಐನೂರು ಕೆಜಿ ಇಳಿಸಿದರೂ, ಅದು ಅರ್ಧ ಅಂಗೈಯಷ್ಟು ಜಾಗಕ್ಕೆ ಹರಡಿದರೆ ಸಾಕು, ಆ ಶಕ್ತಿಯ ಹತ್ತರಲ್ಲೊಂದು ಪಾಲೂ ಖರ್ಚಾಗುವುದಿಲ್ಲ. ಸ್ಲ್ಯಾಬ್ ಸೋಲುವುದು ಬಾಗುವುದರಲ್ಲಿ.

ಮೊದಲು ಭಾರದ ಲೆಕ್ಕ. ಹತ್ತಡಿ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಗಿಲಾವು ಸೇರಿ, ಮೀಟರ್ ಉದ್ದಕ್ಕೆ ಸುಮಾರು 1,400 ಕೆಜಿ. ಎರಡೂ ಕಡೆ ಸಿಮೆಂಟ್ ಬೋರ್ಡ್ ಹೊಡೆದ ಸ್ಟೀಲ್ ಗೋಡೆ 100ರಿಂದ 150 ಕೆಜಿ. ನಿಮ್ಮ ಗುತ್ತಿಗೆದಾರರು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ. ಆದರೆ ಇದು ಭಾರ ಹೊರುವ ಗೋಡೆ, ತನ್ನ ತಲೆ ಮೇಲಿನದನ್ನೂ ಇಳಿಸುತ್ತದೆ. ಮೇಲೆ ಶೀಟ್ ಚಾವಣಿಯಾದರೆ ಅದು ಸ್ವಲ್ಪವೇ. ಡೆಕ್ ಶೀಟ್ (ಕಾಂಕ್ರೀಟಿನ ಅಡಿಗೆ ಹಾಸುವ ಮಡಿಕೆಯ ಉಕ್ಕಿನ ತಗಡು) ಹಾಕಿ ನಾಲ್ಕು ಇಂಚು ಕಾಂಕ್ರೀಟು ಸುರಿದಿರೋ, ಚದರ ಮೀಟರಿಗೆ 250 ಕೆಜಿ ಅದರದ್ದು, ಜನ ಓಡಾಡುವ ತಾರಸಿಗೆ ಇನ್ನೊಂದು 150. ನಾಲ್ಕು ಮೀಟರ್ ಅಗಲದ ಕೋಣೆಯಲ್ಲಿ ಅರ್ಧ ಪಾಲು ಒಂದು ಗೋಡೆಗೆ ಎಂದರೆ ಮೀಟರಿಗೆ 800 ಕೆಜಿ. ಗೋಡೆಯ ತೂಕ ಸೇರಿ 900 ದಾಟಿತು.

ಈಗ ಮೂರು ಮೀಟರ್ ಅಂತರದ ಎರಡು ಗೋಡೆಗಳ ಮೇಲೆ ಕೂತ ನಿಮ್ಮ ಸ್ಲ್ಯಾಬಿನ ಒಂದು ಮೀಟರ್ ಅಗಲದ ಪಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸ್ವಂತ ತೂಕ, ನೆಲಹಾಸು, ಮನೆ ಬಳಕೆಗೆ ಚದರ ಮೀಟರಿಗೆ 200 ಕೆಜಿ ಎಲ್ಲ ಸೇರಿ ಆ ಪಟ್ಟಿಯ ಮೇಲೆ ಸುಮಾರು 1,800 ಕೆಜಿ, ಉದ್ದಕ್ಕೂ ಹರಡಿದ್ದು. ಅದರ ನಟ್ಟನಡುವೆ ಹೊಸ ಗೋಡೆ ಅಡ್ಡಲಾಗಿ ನಿಂತರೆ, ಹರಡಿದ ಆ 1,800 ಎಷ್ಟು ಬಗ್ಗಿಸುತ್ತದೋ ನಡುವೆ ಕೂತ 900 ಕೂಡ ಅಷ್ಟೇ ಬಗ್ಗಿಸುತ್ತದೆ. ಹಲಗೆಯ ತುಂಬ ಅಕ್ಕಿ ಹರಡುವುದಕ್ಕೂ ಅದೇ ಅಕ್ಕಿಯನ್ನು ಮೂಟೆ ಕಟ್ಟಿ ನಡುವೆ ಇಡುವುದಕ್ಕೂ ಇರುವ ವ್ಯತ್ಯಾಸ ಇದು. ಸ್ಲ್ಯಾಬಿನ ಅಡಿಯ ಕಂಬಿಗಳು ಇದ್ದಕ್ಕಿದ್ದಂತೆ ಎರಡು ಪಟ್ಟು ಎಳೆತಕ್ಕೆ ಸಿಕ್ಕುತ್ತವೆ. ನಿಮ್ಮದು ತಾರಸಿಯೆಂದು ಎಣಿಸಿ ಹಾಕಿದ ಮೋಲ್ಡ್, ಮೇಲೆ ಇನ್ನೊಂದು ಮನೆ ಬರುತ್ತದೆಂದು ಅದಕ್ಕೆ ಕಂಬಿ ಕಟ್ಟಿರಲಾರರು.

ಅದೇ ಗೋಡೆ ಕೆಳಗಿನ ಒಂಬತ್ತು ಇಂಚಿನ ಗೋಡೆಯ ನೇರಕ್ಕೋ ಬೀಮಿನ ನೇರಕ್ಕೋ ಬಂದರೆ ಈ ಬಾಗುವ ಗೊಡವೆಯೇ ಇಲ್ಲ. ಬೀಮಿಗೂ ಪಾಯಕ್ಕೂ ಹೊಸ ಭಾರ ತಡೆಯುವ ತಾಕತ್ತಿದೆಯೇ ಎಂದು ಇಂಜಿನಿಯರರು ನೋಡಿದರಾಯಿತು. ನಾಲ್ಕೂವರೆ ಇಂಚಿನ ಅಡ್ಡಗೋಡೆಯನ್ನು ಮಾತ್ರ ಆಧಾರ ಎಂದು ಎಣಿಸಬೇಡಿ. ಎಷ್ಟೋ ಮನೆಗಳಲ್ಲಿ ಅದನ್ನು ಮೋಲ್ಡ್ ಹಾಕಿದ ಮೇಲೆ, ಪಾಯವಿಲ್ಲದೆ ಎಬ್ಬಿಸಿರುತ್ತಾರೆ.

ಬಾಲ್ಕನಿಯ ಅಂಚಿಗೆ ಹೊಸ ಗೋಡೆ ತಂದು ಕೋಣೆ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಸುರಿಯುವ ದಿನ ಆಳುಗಳು ಬಾಂಡಲಿ ಹೊತ್ತು ತುಳಿದಾಡಿ ಎಷ್ಟೋ ಕಡೆ ಅದೇ ಕಂಬಿ ಕೆಳಗೆ ಕುಸಿದಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾಂಕ್ರೀಟಿನೊಳಗಿನ ಕಂಬಿ ಪತ್ತೆ ಮಾಡುವ ಕವರ್ ಮೀಟರ್ ಹಿಡಿದರೆ ಕಂಬಿ ಎಷ್ಟು ಆಳದಲ್ಲಿದೆ, ಎಷ್ಟೆಷ್ಟು ದೂರಕ್ಕಿದೆ ಎಂದು ತಿಳಿಯುತ್ತದೆ. ಗೋಡೆ ಎಲ್ಲೇ ಬರಲಿ, ಈ ಪರೀಕ್ಷೆ ಮೊದಲು ಮಾಡಿಸಿ. ಆಮೇಲೂ ಅನುಮಾನ ಉಳಿದರೆ ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕ ಐಎಸ್ 456 ಹೇಳುವ ಭಾರ ಪರೀಕ್ಷೆ ಇದೆ: ಪೂರ್ತಿ ಸ್ಥಿರ ಭಾರದ ಜೊತೆ ಬಳಕೆಯ ಭಾರದ 1.25 ಪಟ್ಟನ್ನು 24 ಗಂಟೆ ಹೇರಿ, ಬಳಕೆಯ ಭಾರ ತೆಗೆದ ಮೇಲೆ ಮುಂದಿನ 24 ಗಂಟೆಯಲ್ಲಿ ಸ್ಲ್ಯಾಬ್ ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ಮೇಲೆದ್ದಿತೇ ಎಂದು ನೋಡುತ್ತಾರೆ.

ನೆಲ ಅಂತಸ್ತಿನಲ್ಲೇ ಇಂಥ ಗೋಡೆ ಹಾಕುವವರಿಗೆ ಒಂದು ಮಾತು. ಟೈಲ್ಸ್ ಅಡಿಯ ನಾಲ್ಕು ಇಂಚಿನ ಬೆಡ್ ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಕಂಬಿಯೇ ಇರುವುದಿಲ್ಲ, ಅದು ತುಂಬಿದ ಮಣ್ಣಿನ ಮೇಲೆ ಕೂತಿರುತ್ತದೆ. ಮಣ್ಣು ಕುಸಿದರೆ ಅದೂ ಬಿರಿಯುತ್ತದೆ. ಅಲ್ಲಿ ಗೋಡೆಯಡಿಗೆ ಪ್ಲಿಂತ್ ಬೀಮು (ನೆಲಮಟ್ಟದ ಕಾಂಕ್ರೀಟು ತೊಲೆ) ಬೇಕೇ ಬೇಕು.

ಜಾಗ ಸರಿಯಿದ್ದೂ ಕೆಲಸ ಕೆಡುವುದು ತಳದ ಪಟ್ಟಿಯಲ್ಲಿ, ಅಂದರೆ ಸ್ಟಡ್‌ಗಳು ನಿಲ್ಲುವ ಗೋಡೆಯಡಿಯ ಉಕ್ಕಿನ ಪಟ್ಟಿಯಲ್ಲಿ. ನಮ್ಮ ತಾರಸಿಗಳ ಮೇಲೆ ನೀರು ಸೋರದಂತೆ ಮೂರು-ನಾಲ್ಕು ಇಂಚು ಇಟ್ಟಿಗೆ ಜಲ್ಲಿಯ ಪದರ ಇರುತ್ತದೆ. ಆ ಪಟ್ಟಿಯನ್ನು ಸ್ಲ್ಯಾಬಿಗೆ ಬಿಗಿಯುವ ಆ್ಯಂಕರ್ ಬೋಲ್ಟಿಗೆ ಡ್ರಿಲ್ ಮಾಡುವಾಗ ಹೊರಬರುವ ಪುಡಿ ನೋಡಿ. ಕೆಂಪಗಿದ್ದರೆ ನೀವಿನ್ನೂ ಆ ಪದರದಲ್ಲೇ ಇದ್ದೀರಿ, ಬೂದು ಬಣ್ಣಕ್ಕೆ ತಿರುಗಿದ ಮೇಲೆ ಸ್ಲ್ಯಾಬ್. ಇಟ್ಟಿಗೆ ಪದರದಲ್ಲಿ ಬೋಲ್ಟ್ ಹಿಡಿಯುವುದಿಲ್ಲ. ಹಗುರ ಮನೆಯನ್ನು ಗಾಳಿ ಎತ್ತುತ್ತದೆ. ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿ ವೇಗ ಬೆಂಗಳೂರಿಗೇ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆದ್ದರಿಂದ ಗೋಡೆಯ ಗೆರೆಯುದ್ದಕ್ಕೂ ಪದರ ಕಿತ್ತು, ಪಟ್ಟಿಯನ್ನು ಸ್ಲ್ಯಾಬಿನ ಮೇಲೇ ಕೂರಿಸಿ. ಪಟ್ಟಿಯಡಿ ನಾಣ್ಯ ತೂರುವಷ್ಟು ಸಂದು ಕಂಡರೂ ಕುಗ್ಗದ ಗ್ರೌಟ್ (ಸಂದಿಗೆ ಸುರಿಯುವ ಸಿಮೆಂಟ್ ಗಾರೆ) ತುಂಬಿಸಿ, ಇಲ್ಲವಾದರೆ ಭಾರವೆಲ್ಲ ತಾಗಿದ ನಾಲ್ಕು ಕಡೆಗೇ ಇಳಿಯುತ್ತದೆ. ಕಿತ್ತ ಜಾಗಕ್ಕೆ ಮತ್ತೆ ನೀರುತಡೆ ಮಾಡಿಸುವುದನ್ನು ಮರೆಯಬೇಡಿ.

ನೀವು ಕಳಿಸಿದ ನಕ್ಷೆಯಲ್ಲಿ ಮೂರು ಗೋಡೆಗಳು ಕೆಳಗಿನ ಒಂಬತ್ತು ಇಂಚಿನ ಗೋಡೆಗಳ ಮೇಲೇ ಬರುತ್ತವೆ. ನಾಲ್ಕನೆಯದು ಮಾತ್ರ ಹಾಲ್ ನಡುವಿಗೆ ಬಂದಿದೆ. ಅದನ್ನು ಎರಡೂವರೆ ಅಡಿ ಅಡುಗೆಮನೆ ಕಡೆಗೆ ಸರಿಸಿದರೆ ಕೆಳಗಿನ ಬೀಮಿನ ನೇರಕ್ಕೆ ಬರುತ್ತದೆ, ಮೇಲಿನ ಕೋಣೆ ಅಷ್ಟು ಚಿಕ್ಕದಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಗೋಡೆಯಿಂದ ಗೋಡೆಗೆ ಉಕ್ಕಿನ ಐ ಬೀಮು ಇಟ್ಟು, ಸ್ಲ್ಯಾಬಿಗೆ ತಾಗದಂತೆ ಒಂದು ಇಂಚು ಎತ್ತರದಲ್ಲಿ, ಅದರ ಮೇಲೆ ಗೋಡೆ ನಿಲ್ಲಿಸಿ. ಆ ಬೀಮಿನ ತುದಿ ಕೆಳಗಿನ ಕಿಟಕಿಯ ನೆತ್ತಿಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.